ಬಿನ್ನಹವೂ ಶಾಸನವೂ: ಬ್ರೌಸರಿನ ಖಾಸಗಿತನ ಸಂಕೇತಗಳಿಗೆ ದೊರೆತ ಕಾನೂನಿನ ಮನ್ನಣೆ – ಒಂದು ವಿಮರ್ಶೆ

೧

ಕನ್ನಡದಲ್ಲಿ ‘ಶಾಸನ’ವೆಂಬ ಮಾತಿಗೆ ಎರಡು ಅರ್ಥಗಳುಂಟು. ಕಲ್ಲಿನ ಮೇಲೆ ಅಥವಾ ತಾಮ್ರಪಟದ ಮೇಲೆ ಕೆತ್ತಿಸಿದ ಬರಹವೊಂದು. ಶಾಸನಸಭೆ ವಿಧಿಸಿದ ಕಾನೂನು ಮತ್ತೊಂದು. ಇತಿಹಾಸದ ವಿದ್ಯಾರ್ಥಿಗಳಿಗೆ ಮೊದಲನೆಯದು ಚಿರಪರಿಚಿತವಾದದ್ದು. ದತ್ತಿಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯದ ಭಾಗವನ್ನು ಅವರು ಮತ್ತೆ ಮತ್ತೆ ಓದಿರುತ್ತಾರೆ. ಈ ಧರ್ಮವನ್ನು ಕಾಪಾಡಿದವನಿಗೆ ಇಂಥ ಪುಣ್ಯ, ಅಳಿಪಿದವನಿಗೆ ವಾರಣಾಸಿಯಲ್ಲಿ ಗೋಹತ್ಯೆ ಮಾಡಿದ ಪಾಪ ಎಂಬ ಅರ್ಥದ ಮಾತುಗಳು ಅವು. ದಾನಿಯ ಆಜ್ಞೆ ಅವನ ಕಾಲದವರೆಗೆ, ಅವನ ಸೀಮೆಯವರೆಗೆ ನಡೆಯುತ್ತದೆ. ಮುಂದೆ ಬರಲಿರುವ ಅರಸರ ಮೇಲೆ ಅವನಿಗೆ ಅಧಿಕಾರವಿಲ್ಲ. ಅಧಿಕಾರ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಶಾಪಾಶಯ ಮೊದಲಾಗುತ್ತದೆ. ರೂಪದಲ್ಲಿ ಅದು ಶಾಸನದ ಭಾಗವೇ ಆದರೂ ಸ್ವಭಾವದಲ್ಲಿ ಬಿನ್ನಹ. ಓದುವವನ ಧರ್ಮಬುದ್ಧಿಯಲ್ಲದೆ ಅದಕ್ಕೆ ಬೇರೆ ಆಸರೆಯಿಲ್ಲ.

ನಮ್ಮ ಕಾಲದ ಒಂದು ಚಿಕ್ಕ ಬರಹದ ಚರಿತ್ರೆಯನ್ನು ಪರಿಶೀಲಿಸುವಾಗ ಈ ಭೇದ ನನಗೆ ಬಹಳ ಉಪಯುಕ್ತವಾಗಿ ಕಂಡಿತು. ನಾವು ಬ್ರೌಸರಿನಲ್ಲಿ ಒಂದು ಜಾಲತಾಣವನ್ನು ತೆರೆದಾಗ ಆ ಪುಟದ ಸಾಮಗ್ರಿಯೆಲ್ಲವೂ ಒಂದೇ ಕಡೆಯಿಂದ ಬರುವುದಿಲ್ಲ. ಜಾಹೀರಾತು ಸಂಸ್ಥೆಗಳ, ಅಂಕಿಅಂಶ ಕೂಡಿಹಾಕುವ ಸಂಸ್ಥೆಗಳ ಸರ್ವರುಗಳಿಂದಲೂ ತುಣುಕುಗಳು ಬಂದು ಸೇರುತ್ತವೆ. ಅವು ನಮ್ಮ ಯಂತ್ರದಲ್ಲಿ ‘ಕುಕಿ’ ಎಂಬ ಗುರುತಿನ ಚೀಟಿಯನ್ನಿಟ್ಟು, ಅದೇ ಚೀಟಿಯನ್ನು ಸಾವಿರಾರು ತಾಣಗಳಲ್ಲಿ ಕಂಡು, ಓದುಗನ ಓಡಾಟವನ್ನೆಲ್ಲ ಒಂದೇ ದಾರದಲ್ಲಿ ಪೋಣಿಸುತ್ತವೆ. ಈ ಜಾಡುಹಿಡಿಯುವಿಕೆ ತನಗೆ ಬೇಡವೆಂದು ಹೇಳಲು ಬಳಕೆದಾರನಿಗೆ ಒಂದು ಉಪಾಯವನ್ನು ಕಲ್ಪಿಸಲಾಯಿತು. ಪುಟವನ್ನು ಕೇಳುವ ಪ್ರತಿಯೊಂದು ಕೋರಿಕೆಯ ಜೊತೆಯಲ್ಲಿಯೂ ಬ್ರೌಸರು ಒಂದು ಸಾಲನ್ನು ಸೇರಿಸಿ ಕಳುಹಿಸುತ್ತದೆ. ಅದರಲ್ಲಿರುವುದು ಒಂದು ಹೆಸರು ಮತ್ತು ‘೧’ ಎಂಬ ಅಂಕೆ. ಅರ್ಥ, ‘ಬೇಡ’ ಎಂಬುದು.

ಈ ‘ಬೇಡ’ ಎಂಬ ಮಾತಿಗೆ ಬೆಲೆಯುಂಟೆ? ಉಂಟಾದರೆ ಅದು ಎಲ್ಲಿಂದ ಬಂತು? ಇಷ್ಟೇ ಈ ಲೇಖನದ ವಿಚಾರ. ಇದು ಯಂತ್ರಶಾಸ್ತ್ರಜ್ಞರಿಗೋ ನ್ಯಾಯವಾದಿಗಳಿಗೋ ಸೇರಿದ ವಿಷಯ, ಇತಿಹಾಸದ ಅಧ್ಯಾಪಕನಿಗೆ ಇಲ್ಲೇನು ಕೆಲಸ ಎಂದು ಕೆಲವರು ಕೇಳಬಹುದು. ಒಂದು ಹಕ್ಕು ಬಿನ್ನಹದ ಸ್ಥಿತಿಯಿಂದ ಶಾಸನದ ಸ್ಥಿತಿಗೆ ಏರಿದ ಬಗೆಯನ್ನು, ವರ್ಷಗಳ ಆನುಪೂರ್ವಿಯನ್ನಿಟ್ಟುಕೊಂಡು ತೂಗಿನೋಡುವುದು ಇತಿಹಾಸದ ಕೆಲಸವೇ ಸರಿ. ಮೇಲಾಗಿ, ಈ ವಿಷಯದಲ್ಲಿ ಪ್ರಚಲಿತವಾಗಿರುವ ಒಂದು ಕಾರಣನಿರೂಪಣೆ ಕಾಲಕ್ರಮಕ್ಕೆ ಹೊಂದುವುದಿಲ್ಲವೆಂದು ನನ್ನ ಅಭಿಪ್ರಾಯ.

೨

ಮೊದಲು ಸಂಗತಿಗಳನ್ನು ಸಂಗ್ರಹವಾಗಿ ನೋಡೋಣ. ಕುಕಿಯು ೧೯೯೪ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲ್ಲಿ ಎಂಬವರಿಂದ ರೂಪುಗೊಂಡಿತು. ಮೂರು ವರ್ಷಗಳೊಳಗೆ, ೧೯೯೭ರ ಫೆಬ್ರವರಿಯಲ್ಲಿ, ಅಂತರಜಾಲದ ಮಾನಕಗಳನ್ನು ಸಿದ್ಧಪಡಿಸುವ ಐ.ಇ.ಟಿ.ಎಫ್. ಮಂಡಲಿಯು ಕುಕಿಯ ನಿರ್ದಿಷ್ಟ ವಿವರಣೆಯನ್ನು ಪ್ರಕಟಿಸಿತು. ಓದುಗನು ತೆರೆದ ತಾಣಕ್ಕೆ ಸೇರದ ಹೊರಗಿನವರ ಕುಕಿಗಳನ್ನು ಬ್ರೌಸರುಗಳು ತಾವಾಗಿಯೇ ಸ್ವೀಕರಿಸಬಾರದೆಂದು ಅದರಲ್ಲಿ ಸಲಹೆಯಿತ್ತು. ಆಗಿನ ಪ್ರಮುಖ ಬ್ರೌಸರುಗಳೆರಡೂ ಆ ಸಲಹೆಯನ್ನು ಪಾಲಿಸಲಿಲ್ಲ. ೨೦೦೨ರ ಏಪ್ರಿಲಿನಲ್ಲಿ ಡಬ್ಲ್ಯು೩ಸಿ ಎಂಬ ಮಾನಕಸಂಸ್ಥೆ ‘ಪಿ೩ಪಿ’ ಎಂಬ ಕ್ರಮವನ್ನು ಶಿಫಾರಸು ಮಾಡಿತು. ಇಲ್ಲಿ ಮಾತನಾಡಬೇಕಾದವರು ತಾಣಗಳವರು; ತಮ್ಮ ನೀತಿಯೇನೆಂಬುದನ್ನು ಅವರು ಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿ ಹೇಳಬೇಕಾಗಿತ್ತು. ಆದರೆ ಹೇಳಿದ್ದು ನಿಜವೋ ಸುಳ್ಳೋ ಎಂದು ನೋಡುವವರಿಲ್ಲದ ಕಾರಣ, ಅರ್ಥವಿಲ್ಲದ ಹೇಳಿಕೆಯನ್ನು ಬರೆದರೂ ಸಾಗುತ್ತಿತ್ತು. ಆ ಕ್ರಮವೂ ಮೂಲೆಗೆ ಬಿತ್ತು.

ಈ ನಡುವೆ ಅಮೆರಿಕದಲ್ಲಿ ೨೦೦೩ರಿಂದ ದೂರವಾಣಿಯ ಮಾರಾಟಕರೆಗಳನ್ನು ತಡೆಯುವ ರಾಷ್ಟ್ರೀಯ ನೋಂದಣಿಯೊಂದು ನಡೆಯುತ್ತಿತ್ತು. ಅದರ ಯಶಸ್ಸನ್ನು ಕಂಡ ಬಳಕೆದಾರರ ಸಂಘಗಳು ೨೦೦೭ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ನಿನ ಮುಂದೆ ‘ಡು ನಾಟ್ ಟ್ರ್ಯಾಕ್’ ಎಂಬ ಪಟ್ಟಿಯೊಂದನ್ನು ಸೂಚಿಸಿದುವು. ಜಾಡುಹಿಡಿಯುವವರು ತಮ್ಮ ಸರ್ವರುಗಳ ಹೆಸರುಗಳನ್ನು ಕೊಡತಕ್ಕದ್ದು, ಆ ಪಟ್ಟಿಯನ್ನು ನೋಡಿ ಬ್ರೌಸರುಗಳು ತಡೆಯತಕ್ಕದ್ದು ಎಂಬುದು ಆ ಸೂಚನೆಯ ಸಾರ. ಪಟ್ಟಿಯ ಬದಲು ಒಂದು ಸಾಲಿನ ಸಂಕೇತವೇ ಸಾಕೆಂಬ ಯೋಚನೆ ೨೦೦೯ರಲ್ಲಿ ಬಂತು; ಕ್ರಿಸ್ಟೊಫರ್ ಸೊಘೋಯನ್ ಮತ್ತು ಸಿಡ್ ಸ್ಟಾಮ್ ಎಂಬವರು ಅದನ್ನು ಮಾಡಿತೋರಿಸಿದರು. ೨೦೧೦ರ ಡಿಸೆಂಬರಿನಲ್ಲಿ ಕಮಿಷನ್ನಿನ ವರದಿಯೊಂದು ಇಂಥ ವ್ಯವಸ್ಥೆ ಬೇಕೆಂದಿತು. ೨೦೧೧ರ ಮಾರ್ಚಿಯಲ್ಲಿ ಫೈರ್‌ಫಾಕ್ಸಿನ ನಾಲ್ಕನೆಯ ಆವೃತ್ತಿ ಈ ಸಂಕೇತವನ್ನೊಳಗೊಂಡು ಹೊರಬಂತು. ಅದೇ ವರ್ಷ ಡಬ್ಲ್ಯು೩ಸಿಯಲ್ಲಿ ಇದಕ್ಕಾಗಿ ಒಂದು ಕಾರ್ಯಸಮಿತಿ ಏರ್ಪಟ್ಟಿತು. ೨೦೧೨ರ ಫೆಬ್ರವರಿಯಲ್ಲಿ ಶ್ವೇತಭವನವು ಬಳಕೆದಾರರ ಖಾಸಗಿತನದ ಹಕ್ಕುಪತ್ರವನ್ನು ಪ್ರಕಟಿಸಿದ ಸಂದರ್ಭದಲ್ಲಿ, ಜಾಹೀರಾತು ಉದ್ಯಮದ ಒಕ್ಕೂಟವಾದ ಡಿಜಿಟಲ್ ಅಡ್ವರ್ಟೈಸಿಂಗ್ ಅಲಯನ್ಸ್ ಸಂಕೇತವನ್ನು ಗೌರವಿಸುವುದಾಗಿ ಮಾತು ಕೊಟ್ಟಿತು. ಆಯ್ಕೆಯು ಬಳಕೆದಾರನದೇ ಆಗಿರಬೇಕೆಂಬುದು ಆ ಮಾತಿಗಿದ್ದ ಷರತ್ತು.

ಮುಂದಿನದು ಭಂಗದ ಕಥೆ. ಕೆಲವೇ ತಿಂಗಳುಗಳಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ತನ್ನ ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ಹತ್ತನೆಯ ಆವೃತ್ತಿಯಲ್ಲಿ ಸಂಕೇತವನ್ನು ಮೊದಲಿನಿಂದಲೇ ಚಾಲನೆಯಲ್ಲಿಡುವುದಾಗಿ ಸಾರಿತು. ಇದು ಬಳಕೆದಾರನ ಆಯ್ಕೆಯಲ್ಲ, ತಯಾರಕನ ಆಯ್ಕೆ ಎಂದು ಉದ್ಯಮದವರು ಆಕ್ಷೇಪಿಸಿದರು. ಯಾಹೂ ಸಂಸ್ಥೆ ಆ ಬ್ರೌಸರಿನ ಸಂಕೇತವನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲವೆಂದಿತು. ೨೦೧೩ರ ಸೆಪ್ಟೆಂಬರಿನಲ್ಲಿ ಒಕ್ಕೂಟವು ಕಾರ್ಯಸಮಿತಿಯಿಂದ ಹೊರನಡೆಯಿತು. ೨೦೧೯ರ ಜನವರಿಯಲ್ಲಿ ಸಮಿತಿಯೇ ಮುಚ್ಚಿತು. ಅದೇ ವರ್ಷ ಆಪಲ್ ಸಂಸ್ಥೆ ತನ್ನ ಸಫಾರಿಯಿಂದ ಈ ಸಂಕೇತವನ್ನು ತೆಗೆದುಹಾಕಿತು. ೨೦೨೫ರಲ್ಲಿ, ಮೊದಲು ಅದನ್ನು ಎತ್ತಿ ಹಿಡಿದ ಫೈರ್‌ಫಾಕ್ಸೂ ಕೈಬಿಟ್ಟಿತು.

೩

ಈ ಭಂಗಕ್ಕೆ ಕಾರಣವೇನು? ಸಾಮಾನ್ಯವಾಗಿ ಕೊಡುವ ಉತ್ತರ, ಮೈಕ್ರೋಸಾಫ್ಟಿನ ಆತುರ ಕಾರ್ಯವನ್ನು ಕೆಡಿಸಿತೆಂಬುದು. ಎರಡು ಪಕ್ಷಗಳೂ ಒಪ್ಪಿದ್ದ ಸಂಧಿಯನ್ನು ಮೂರನೆಯವನೊಬ್ಬ ಅತಿಯಾಗಿ ಎಳೆದು ಹರಿದನೆಂದು ಈ ವಾದ ಹೇಳುತ್ತದೆ. ಇದರಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳುವುದಿಲ್ಲ. ಷರತ್ತು ಮೊದಲೇ ಇತ್ತು. ಅದು ಮುರಿದುದೂ ನಿಜ. ಆದರೆ ಒಂದು ಘಟನೆಗೆ ಇನ್ನೊಂದು ಘಟನೆ ಕಾರಣವೆನ್ನಬೇಕಾದರೆ, ಆ ಕಾರಣವು ನಿವೃತ್ತವಾದಾಗ ಕಾರ್ಯವೂ ನಿವೃತ್ತವಾಗುವುದೇ ಎಂದು ನೋಡಬೇಕಾಗುತ್ತದೆ. ೨೦೧೫ರ ಏಪ್ರಿಲಿನಲ್ಲಿ ಮೈಕ್ರೋಸಾಫ್ಟ್ ತನ್ನ ಕ್ರಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಅಂದಿನಿಂದ ಆ ಸಂಕೇತವನ್ನು ಕಳುಹಿಸುವವನು ತಾನೇ ಸೆಟ್ಟಿಂಗನ್ನು ಹುಡುಕಿ ಒತ್ತಿದವನಾಗಿದ್ದನು. ಆಕ್ಷೇಪಕ್ಕೆ ಎಡೆಯೇ ಉಳಿಯಲಿಲ್ಲ. ಆದರೂ ಉದ್ಯಮವು ೨೦೧೨ರ ಮಾತಿಗೆ ಮರಳಲಿಲ್ಲ. ಅಂದಮೇಲೆ ಮೈಕ್ರೋಸಾಫ್ಟಿನ ಕ್ರಮವು ನಿಮಿತ್ತವೇ ಹೊರತು ಕಾರಣವಲ್ಲ.

ನಿಜವಾದ ಬಿರುಕು ಸಮಿತಿಯೊಳಗೆ ಮೊದಲಿನಿಂದಲೂ ಇತ್ತು. ‘ಜಾಡುಹಿಡಿಯುವುದು’ ಎಂದರೇನೆಂಬುದರಲ್ಲಿಯೇ ಅಲ್ಲಿ ಒಮ್ಮತವಿರಲಿಲ್ಲ. ಬಳಕೆದಾರನ ಪರವಾದವರು ಮಾಹಿತಿಯನ್ನು ಕೂಡಿಹಾಕುವುದೇ ನಿಲ್ಲಬೇಕೆಂದರು. ಉದ್ಯಮದವರು, ಆ ಮಾಹಿತಿಯನ್ನು ನೋಡಿ ವ್ಯಕ್ತಿಗೆ ತಕ್ಕ ಜಾಹೀರಾತನ್ನು ತೋರಿಸುವುದು ನಿಂತರೆ ಸಾಕೆಂದರು. ಮೊದಲನೆಯದು ಬೇಹುಗಾರಿಕೆಯನ್ನೇ ನಿಲ್ಲಿಸುತ್ತದೆ. ಎರಡನೆಯದು ಬೇಹುಗಾರಿಕೆ ನಡೆಯುತ್ತಿದೆಯೆಂಬ ಗುರುತನ್ನು ಮಾತ್ರ ಮರೆಮಾಡುತ್ತದೆ. ಬಲವಂತಪಡಿಸುವ ಮೂರನೆಯ ಶಕ್ತಿಯಿಲ್ಲದ ಸಮಿತಿಯಲ್ಲಿ, ನಷ್ಟಹೊಂದುವ ಪಕ್ಷ ಕಾಲಹರಣ ಮಾಡಿದರೆ ಸಾಕಾಗುತ್ತದೆ. ಹಾಗೆಯೇ ಆಯಿತು.

ಕಾನೂನು ಇಲ್ಲಿ ಸಂಪೂರ್ಣ ಮೌನವಾಗಿತ್ತೆಂದೂ ಅಲ್ಲ. ಕ್ಯಾಲಿಫೋರ್ನಿಯ ಸಂಸ್ಥಾನವು ೨೦೧೩ರಲ್ಲಿ ಒಂದು ತಿದ್ದುಪಡಿಯನ್ನು ಅಂಗೀಕರಿಸಿತು. ೨೦೧೪ರ ಜನವರಿ ೧ರಿಂದ ಅದು ಜಾರಿಗೆ ಬಂತು. ಈ ಸಂಕೇತ ಬಂದಾಗ ತಾನೇನು ಮಾಡುವೆನೆಂಬುದನ್ನು ಪ್ರತಿಯೊಂದು ತಾಣವೂ ತನ್ನ ನೀತಿಪತ್ರದಲ್ಲಿ ಹೇಳಬೇಕೆಂದು ಅದು ವಿಧಿಸಿತು. ಪಾಲಿಸಬೇಕೆಂದು ವಿಧಿಸಲಿಲ್ಲ. ‘ನಾವು ಇಂಥ ಸಂಕೇತಗಳಿಗೆ ಪ್ರತಿಕ್ರಿಯಿಸುವುದಿಲ್ಲ’ ಎಂದು ಬರೆದುಬಿಟ್ಟರೆ ಕಾನೂನನ್ನು ಪಾಲಿಸಿದಂತೆಯೇ ಆಗುತ್ತಿತ್ತು. ಅವಗಣನೆಯನ್ನು ಬಹಿರಂಗವಾಗಿ ಒಪ್ಪಿಕೊಳ್ಳುವುದೇ ಕರ್ತವ್ಯಪಾಲನೆಯೆನಿಸಿದ ಈ ವಿಚಿತ್ರ ಸ್ಥಿತಿಯನ್ನು ಗಮನಿಸಬೇಕು. ಕಾನೂನು ಹತ್ತಿರ ಸುಳಿದ ಮಾತ್ರಕ್ಕೆ ಬಿನ್ನಹ ಶಾಸನವಾಗುವುದಿಲ್ಲ.

೪

ಇನ್ನು ಇದೇ ಸಾಲಿನ ಎರಡನೆಯ ಜನ್ಮವನ್ನು ನೋಡೋಣ. ಕ್ಯಾಲಿಫೋರ್ನಿಯದ ಬಳಕೆದಾರ ಖಾಸಗಿತನದ ಕಾಯಿದೆ ೨೦೧೮ರ ಜೂನ್ ೨೮ರಂದು ಅಂಗೀಕೃತವಾಗಿ ೨೦೨೦ರ ಜನವರಿ ೧ರಿಂದ ಜಾರಿಗೆ ಬಂತು. ತನ್ನ ಮಾಹಿತಿಯ ಮಾರಾಟವನ್ನು ಬೇಡವೆನ್ನುವ ಹಕ್ಕನ್ನು ಅದು ನಿವಾಸಿಗಳಿಗೆ ಕೊಟ್ಟಿತು. ೨೦೨೦ರ ಆಗಸ್ಟಿನಲ್ಲಿ ಜಾರಿಯಾದ ನಿಯಮಾವಳಿ, ಬಳಕೆದಾರನು ಬ್ರೌಸರಿನಲ್ಲಿ ಚಾಲನೆಗೊಳಿಸಿದ ಸಾರ್ವತ್ರಿಕ ನಿಯಂತ್ರಣವನ್ನು ಇಂಥ ನಿರಾಕರಣೆಯೆಂದೇ ಸ್ವೀಕರಿಸತಕ್ಕದ್ದೆಂದು ವಿಧಿಸಿತು. ಅದಾದ ಮೇಲೆ, ಅಕ್ಟೋಬರಿನಲ್ಲಿ, ‘ಗ್ಲೋಬಲ್ ಪ್ರೈವಸಿ ಕಂಟ್ರೋಲ್’ ಎಂಬ ಹೊಸ ಸಂಕೇತ ಪ್ರಕಟವಾಯಿತು. ಇದರ ಹಿಂದೆ ಆಶ್ಕನ್ ಸೋಲ್ಟಾನಿ ಮತ್ತು ವೆಸ್ಲಿಯನ್ ವಿಶ್ವವಿದ್ಯಾನಿಲಯದ ಸೆಬಾಸ್ಟಿಯನ್ ಝಿಮೆಕ್ ಇದ್ದರು. ಕೆಲವು ಬ್ರೌಸರ್ ಸಂಸ್ಥೆಗಳೂ ಪತ್ರಿಕೆಗಳೂ ಬೆಂಬಲವಿತ್ತುವು.

ಇಲ್ಲಿ ಆನುಪೂರ್ವಿಯನ್ನು ಗಮನಿಸಬೇಕು. ಹಿಂದಿನ ಸಂಕೇತದ ಚರಿತ್ರೆಯಲ್ಲಿ ಉಪಕರಣ ಮೊದಲು ಹುಟ್ಟಿತು, ಅದಕ್ಕೆ ಬಲವೀಯುವ ಕಾನೂನು ಹುಟ್ಟಲೇ ಇಲ್ಲ. ಈ ಸಂಕೇತದ ಚರಿತ್ರೆಯಲ್ಲಿ ವಿಧಿ ಮೊದಲು, ಉಪಕರಣ ಅನಂತರ. ಉಪಕರಣದ ದೃಷ್ಟಿಯಿಂದ ಎರಡಕ್ಕೂ ಹೇಳಿಕೊಳ್ಳುವಂಥ ಭೇದವಿಲ್ಲ. ಆಗಲೂ ಒಂದು ಸಾಲು, ಈಗಲೂ ಒಂದು ಸಾಲು. ಆಗಲೂ ‘೧’, ಈಗಲೂ ‘೧’. ಎರಡು ಪ್ರಯೋಗಗಳಲ್ಲಿ ಮಿಕ್ಕದ್ದೆಲ್ಲ ಹೆಚ್ಚುಕಡಿಮೆ ಸಮನಾಗಿದ್ದು ಒಂದಂಶ ಮಾತ್ರ ಬೇರೆಯಾಗಿರುವುದು ಇತಿಹಾಸದಲ್ಲಿ ಅಪರೂಪ. ಇಲ್ಲಿ ಅಂಥದೊಂದು ದೊರೆತಿದೆ.

ಫಲವೇನಾಯಿತೆಂಬುದಕ್ಕೆ ಸೆಫೋರಾ ಪ್ರಕರಣ ಸಾಕ್ಷಿ. ಸೌಂದರ್ಯಸಾಧನಗಳನ್ನು ಮಾರುವ ಆ ಸಂಸ್ಥೆ ತನ್ನ ತಾಣದಲ್ಲಿ ಹೊರಗಿನವರ ಜಾಡುಹಿಡಿಯುವ ಉಪಕರಣಗಳನ್ನು ಇರಿಸಿಕೊಂಡು, ಅದಕ್ಕೆ ಪ್ರತಿಯಾಗಿ ಅಂಕಿಅಂಶಗಳ ಮತ್ತು ಜಾಹೀರಾತಿನ ಸೌಲಭ್ಯಗಳನ್ನು ಪಡೆಯುತ್ತಿತ್ತು. ಹಣ ಕೈಬದಲಾಯಿಸದಿದ್ದರೂ ಬೆಲೆಯುಳ್ಳ ಪ್ರತಿಫಲ ದೊರೆತದ್ದರಿಂದ ಇದು ಮಾರಾಟವೇ ಎಂದೂ, ಮಾರುತ್ತಿರುವೆನೆಂಬುದನ್ನು ಸಂಸ್ಥೆ ತಿಳಿಸಲಿಲ್ಲವೆಂದೂ, ಬ್ರೌಸರಿನ ಸಂಕೇತವನ್ನು ಪಾಲಿಸಲಿಲ್ಲವೆಂದೂ ಅಟಾರ್ನಿ ಜನರಲ್ ರಾಬ್ ಬೋಂಟಾ ಆಪಾದಿಸಿದರು. ೨೦೨೨ರ ಆಗಸ್ಟ್ ೨೪ರಂದು ೧೨ ಲಕ್ಷ ಡಾಲರುಗಳ ರಾಜಿ ಪ್ರಕಟವಾಯಿತು. ಅನಂತರ ೨೦೨೫ರ ಸೆಪ್ಟೆಂಬರಿನಲ್ಲಿ, ಇಂಥ ಸಂಕೇತಗಳನ್ನು ಪಾಲಿಸದಿದ್ದುದೂ ಸೇರಿದಂತೆ ಹಲವು ಲೋಪಗಳಿಗಾಗಿ, ಟ್ರ್ಯಾಕ್ಟರ್ ಸಪ್ಲೈ ಎಂಬ ವ್ಯಾಪಾರಸಂಸ್ಥೆಗೆ ಆ ಸಂಸ್ಥಾನದ ಖಾಸಗಿತನ ಸಂರಕ್ಷಣ ಮಂಡಲಿ ೧೩.೫ ಲಕ್ಷ ಡಾಲರುಗಳ ದಂಡ ಹಾಕಿತು. ಅದೇ ವರ್ಷದ ಜುಲೈಯಲ್ಲಿ ಹೆಲ್ತ್‌ಲೈನ್ ಎಂಬ ಆರೋಗ್ಯವಿಷಯಕ ತಾಣದೊಡನೆ ೧೫.೫ ಲಕ್ಷ ಡಾಲರುಗಳ ರಾಜಿ ನಡೆಯಿತು. ಓದುಗರು ಬೇಡವೆಂದ ಮೇಲೆಯೂ, ಅವರಿಗಿರಬಹುದಾದ ರೋಗವನ್ನು ಸೂಚಿಸುವಂಥ ಲೇಖನಗಳ ಶೀರ್ಷಿಕೆಗಳು ಜಾಹೀರಾತಿನವರ ಕೈಸೇರುತ್ತಿದ್ದುವೆಂಬುದು ಅಲ್ಲಿಯ ಆಪಾದನೆ. ಖಾಸಗಿತನವೆಂದರೆ ಮುಚ್ಚಿಡುವಂಥ ತಪ್ಪುಳ್ಳವರ ಚಿಂತೆಯೆಂದು ಹಗುರವಾಗಿ ಮಾತನಾಡುವವರು ಈ ಪ್ರಕರಣವನ್ನು ಯೋಚಿಸಬೇಕು. ತನ್ನ ಕಾಯಿಲೆಯ ವಿಷಯವನ್ನು ಮನೆಯವರಿಗೂ ಹೇಳದೆ ಒಬ್ಬಳೇ ಕುಳಿತು ಓದಿಕೊಳ್ಳುವ ಹೆಂಗಸಿನ ಸಂಕೋಚ ಯಾವ ಅಪರಾಧವೂ ಅಲ್ಲ.

ಆದರೆ ವಿಮರ್ಶಕನು ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಸೆಫೋರಾ, ಹೆಲ್ತ್‌ಲೈನ್ ಪ್ರಕರಣಗಳು ಮುಗಿದದ್ದು ರಾಜಿಯಲ್ಲಿ. ವಾದಪ್ರತಿವಾದಗಳನ್ನು ಪೂರ್ಣವಾಗಿ ಕೇಳಿ, ಸಂಕೇತಕ್ಕೆ ಇಂಥದೇ ಅರ್ಥವೆಂದು ನಿರ್ಣಯಿಸಿದ ತೀರ್ಪುಗಳು ಅವಲ್ಲ. ಶಾಸನದ ಬಲ ಸಿದ್ಧವಾಗಿದೆ. ಅದರ ವ್ಯಾಖ್ಯಾನ ಇನ್ನೂ ಬೆಳೆಯಬೇಕಾಗಿದೆ.

೫

ಕ್ಯಾಲಿಫೋರ್ನಿಯದ ನಿದರ್ಶನದಿಂದ, ಹೊಸ ಸಂಕೇತಕ್ಕೆ ಬಲ ಬಂದದ್ದು ಅದರ ಅರ್ಥ ನಿಷ್ಕೃಷ್ಟವಾಗಿದ್ದುದರಿಂದ, ಹಳೆಯದು ಸೋತದ್ದು ಅದರ ಅರ್ಥ ಅಸ್ಪಷ್ಟವಾಗಿದ್ದುದರಿಂದ ಎಂದು ಒಬ್ಬರು ವಾದಿಸಬಹುದು. ಜರ್ಮನಿಯ ಒಂದು ತೀರ್ಪು ಈ ವಾದಕ್ಕೆ ಉತ್ತರವೀಯುತ್ತದೆ.

ಐರೋಪ್ಯ ಒಕ್ಕೂಟದ ದತ್ತಾಂಶ ಸಂರಕ್ಷಣ ನಿಯಮ ೨೦೧೮ರ ಮೇ ೨೫ರಿಂದ ಅನ್ವಯವಾಗುತ್ತಿದೆ. ಅದರ ೨೧ನೆಯ ವಿಧಿಯ ಐದನೆಯ ಉಪವಿಧಿಯಲ್ಲಿ, ವ್ಯಕ್ತಿಯು ತನ್ನ ಆಕ್ಷೇಪದ ಹಕ್ಕನ್ನು ತಾಂತ್ರಿಕ ನಿರ್ದಿಷ್ಟಗಳ ಮೂಲಕ ಸ್ವಯಂಚಾಲಿತವಾಗಿಯೂ ಚಲಾಯಿಸಬಹುದೆಂಬ ಮಾತು ಬಂದಿದೆ. ಬಹುಕಾಲ ಯಾರೂ ಹೆಚ್ಚು ಗಮನಿಸದಿದ್ದ ಈ ಮಾತನ್ನು ಹಿಡಿದು ಜರ್ಮನಿಯ ಬಳಕೆದಾರ ಸಂಘಗಳ ಒಕ್ಕೂಟ ಲಿಂಕ್ಡ್‌ಇನ್ ಸಂಸ್ಥೆಯ ಮೇಲೆ ಬರ್ಲಿನ್ನಿನ ಪ್ರಾಂತೀಯ ನ್ಯಾಯಾಲಯದಲ್ಲಿ ದಾವೆ ಹೂಡಿತು. ‘ಡು ನಾಟ್ ಟ್ರ್ಯಾಕ್’ ಸಂಕೇತಗಳಿಗೆ ತಾನು ಪ್ರತಿಕ್ರಿಯಿಸುವುದಿಲ್ಲವೆಂದು ಆ ಸಂಸ್ಥೆ ತನ್ನ ತಾಣದಲ್ಲಿ ಪ್ರಕಟಿಸಿತ್ತು. ೨೦೨೩ರ ಆಗಸ್ಟ್ ೨೪ರ ತೀರ್ಪಿನಲ್ಲಿ ನ್ಯಾಯಾಲಯವು, ಈ ಹೇಳಿಕೆ ಬಳಕೆದಾರರನ್ನು ತಪ್ಪುದಾರಿಗೆಳೆಯುವಂಥದು, ಏಕೆಂದರೆ ಸಂಕೇತಕ್ಕೆ ಕಾನೂನಿನಲ್ಲಿ ಬೆಲೆಯೇ ಇಲ್ಲವೆಂಬ ಭಾವನೆಯನ್ನು ಅದು ಹುಟ್ಟಿಸುತ್ತದೆ ಎಂದಿತು. ಸಂಕೇತದ ಮೂಲಕ ತಿಳಿಸಿದ ಆಕ್ಷೇಪ ಪರಿಣಾಮಕಾರಿಯಾದ ಆಕ್ಷೇಪವೇ ಎಂದೂ ಹೇಳಿತು.

ನಾಲ್ಕು ವರ್ಷಗಳ ಹಿಂದೆಯೇ ಸಮಿತಿ ಮುಚ್ಚಿಹೋಗಿದ್ದ, ಅರ್ಥ ನಿಷ್ಕರ್ಷೆಯಾಗದೆಯೇ ಉಳಿದ ಅದೇ ಹಳೆಯ ಸಂಕೇತ ಇಲ್ಲಿ ಜೀವ ತಳೆದು ನಿಂತಿತು. ಕ್ಯಾಲಿಫೋರ್ನಿಯದಲ್ಲಿ ೨೦೧೪ರಲ್ಲಿ ಕಾನೂನುಬದ್ಧವಾಗಿದ್ದ ಒಂದು ವಾಕ್ಯ ಬರ್ಲಿನ್ನಿನಲ್ಲಿ ೨೦೨೩ರಲ್ಲಿ ಕಾನೂನುಬಾಹಿರವಾಯಿತು. ಇದು ಪ್ರಥಮ ಹಂತದ ನ್ಯಾಯಾಲಯದ ತೀರ್ಪೆಂಬುದನ್ನು ಮರೆಯಬಾರದು. ಆದರೂ ನಮ್ಮ ವಿಚಾರಕ್ಕೆ ಬೇಕಾದ ಅಂಶ ಇದರಿಂದ ದೃಢವಾಗುತ್ತದೆ. ಅರ್ಥದ ಸ್ಪಷ್ಟತೆ ಸಹಾಯಕವೇ ಸರಿ. ಆದರೆ ಆಲಿಸಲೇಬೇಕಾದ ಕರ್ತವ್ಯ ಹುಟ್ಟಿದ ಮೇಲೆ ಅಸ್ಪಷ್ಟವಾದ ಮಾತಿಗೂ ಅರ್ಥ ಹುಡುಕುವವರಿರುತ್ತಾರೆ. ಕರ್ತವ್ಯವಿಲ್ಲದಾಗ ಸ್ಪಷ್ಟವಾದ ಮಾತೂ ಅಸ್ಪಷ್ಟವಾಗಿಯೇ ಕೇಳಿಸುತ್ತದೆ.

೬

ಹೀಗೆಂದ ಮಾತ್ರಕ್ಕೆ ಕಾನೂನಿನ ಮನ್ನಣೆಯಿಂದ ಎಲ್ಲವೂ ನೇರವಾಯಿತೆಂದು ತಿಳಿಯಬಾರದು. ಇದರ ವಿರುದ್ಧ ಹೇಳಬಹುದಾದ ಆಕ್ಷೇಪಗಳಲ್ಲಿ ಕೆಲವು ದುರ್ಬಲವಾದುವು, ಕೆಲವು ಪ್ರಬಲವಾದುವು.

ಮೊದಲನೆಯದು, ಈ ಧ್ವನಿ ಯಾರದು ಎಂಬ ಹಳೆಯ ಪ್ರಶ್ನೆ. ಯಂತ್ರ ತಾನಾಗಿ ಕಳುಹಿಸಿದ ‘ಬೇಡ’ವನ್ನು ಮನುಷ್ಯನ ‘ಬೇಡ’ವೆಂದು ಎಣಿಸಬಹುದೆ? ಕೊಲೊರಾಡೊ ಸಂಸ್ಥಾನದ ನಿಯಮಗಳು ಇದಕ್ಕೆ ಸಮಂಜಸವಾದ ಪರಿಹಾರವನ್ನು ಸೂಚಿಸಿವೆ. ಯಂತ್ರದೊಡನೆ ಮೊದಲೇ ಬಂದ ಉಪಕರಣದಲ್ಲಿ ತಾನಾಗಿ ಚಾಲನೆಯಲ್ಲಿದ್ದ ಸಂಕೇತ ಆಯ್ಕೆಯಾಗಲಾರದು. ಆದರೆ ಖಾಸಗಿತನದ ರಕ್ಷಣೆಗೆಂದೇ ಹೆಸರಾದ ಉಪಕರಣವನ್ನು ಬಳಕೆದಾರನು ತಾನಾಗಿ ತಂದುಕೊಂಡರೆ, ಆ ತಂದುಕೊಂಡದ್ದೇ ಆಯ್ಕೆ. ಅಲ್ಲಿ ೨೦೨೪ರ ಜುಲೈ ೧ರಿಂದ ಸಂಕೇತಪಾಲನೆ ಕಡ್ಡಾಯವಾಯಿತು. ಹನ್ನೆರಡು ವರ್ಷ ಹಿಂದೆ ಸಮಿತಿಯನ್ನು ಕಂಗೆಡಿಸಿದ್ದ ಪ್ರಶ್ನೆ, ಬಗೆಹರಿಸುವ ಇಚ್ಛೆಯಿದ್ದಾಗ, ಒಂದೆರಡು ವಾಕ್ಯಗಳಲ್ಲಿ ಬಗೆಹರಿಯಿತು.

ಎರಡನೆಯದು, ಬೇಡವೆನ್ನುವವರು ಕೆಲವರೇ ಆದರೆ ಆ ‘ಬೇಡ’ವೇ ಅವರನ್ನು ಗುರುತಿಸುವ ಚಿಹ್ನೆಯಾಗುತ್ತದೆಂಬುದು. ಆಪಲ್ ೨೦೧೯ರಲ್ಲಿ ಕೊಟ್ಟ ಕಾರಣ ಇದೇ. ಈ ಆಕ್ಷೇಪ ನಿಜವಾದರೂ ಅದರಿಂದ ಹೊರಡುವ ನಿರ್ಣಯ ಸಂಕೇತವನ್ನು ತೆಗೆದುಹಾಕಬೇಕೆಂಬುದಲ್ಲ, ಎಲ್ಲರ ಕೈಗೂ ಎಟುಕಿಸಬೇಕೆಂಬುದು. ಕ್ಯಾಲಿಫೋರ್ನಿಯದಲ್ಲಿ ಇದಕ್ಕಾಗಿ ನಡೆದ ಮೊದಲ ಯತ್ನವನ್ನು ಗವರ್ನರ್ ನ್ಯೂಸಮ್ ೨೦೨೪ರಲ್ಲಿ ತಡೆಹಿಡಿದರು. ಬ್ರೌಸರುಗಳಿಗೆ ಮಾತ್ರ ಅನ್ವಯಿಸುವ ಎರಡನೆಯ ಮಸೂದೆಗೆ ೨೦೨೫ರ ಅಕ್ಟೋಬರ್ ೮ರಂದು ಅವರೇ ಅಂಕಿತ ಹಾಕಿದರು. ೨೦೨೭ರ ಜನವರಿ ೧ರಿಂದ ಪ್ರತಿಯೊಂದು ಬ್ರೌಸರೂ ಸುಲಭವಾಗಿ ಸಿಗುವಂಥ ನಿರಾಕರಣ ಸಂಕೇತವನ್ನು ಒಳಗೊಂಡಿರಬೇಕೆಂದು ಅದರ ವಿಧಿ. ಆ ಮಸೂದೆ ಅಂಗೀಕೃತವಾದಾಗ ಅತ್ಯಂತ ಬಳಕೆಯಲ್ಲಿದ್ದ ಕ್ರೋಮಿನಲ್ಲಿಯೂ ಸಫಾರಿಯಲ್ಲಿಯೂ ಈ ಸಂಕೇತ ಅಂತರ್ಗತವಾಗಿರಲಿಲ್ಲವೆಂಬುದನ್ನು ನೆನೆದರೆ ವಿಧಿಯ ಮಹತ್ತ್ವ ತಿಳಿಯುತ್ತದೆ.

ಮೂರನೆಯ ಆಕ್ಷೇಪವನ್ನು ನಾನು ಪ್ರಬಲವೆಂದು ತಿಳಿಯುತ್ತೇನೆ. ಅಮೆರಿಕದ ಈ ಕಾಯಿದೆಗಳಲ್ಲಿ ಸಂಕೇತವು ತಡೆಯುವುದು ಮಾಹಿತಿಯನ್ನು ಹೊರಗಿನವರಿಗೆ ಮಾರುವುದನ್ನು, ಜಾಹೀರಾತಿಗಾಗಿ ಹಂಚುವುದನ್ನು. ತನ್ನ ಮನೆಯೊಳಗೆಯೇ ಕೂಡಿಹಾಕಿ ತಾನೇ ಬಳಸಿಕೊಳ್ಳುವುದನ್ನು ಅದು ಮುಟ್ಟುವುದಿಲ್ಲ. ಹೊರಗಿನ ಉಪಕರಣವನ್ನು ತಂದಿಟ್ಟುಕೊಂಡ ಅಂಗಡಿ ಸಿಕ್ಕಿಬೀಳುತ್ತದೆ. ಹುಡುಕಾಟ, ಅಂಚೆ, ಭೂಪಟ, ಚಲಚ್ಚಿತ್ರ ಎಲ್ಲವನ್ನೂ ತಾನೇ ನಡೆಸುವ ಮಹಾಸಂಸ್ಥೆಗೆ ಮಾರುವ ಅಗತ್ಯವೇ ಕಡಮೆ. ಇದರಿಂದ ದೊಡ್ಡವರು ಇನ್ನೂ ದೊಡ್ಡವರಾಗುವ ಅಪಾಯವುಂಟು. ಮಾರಾಟವನ್ನು ತಡೆಯುವುದು ಸಂಗ್ರಹವನ್ನು ತಡೆದಂತಲ್ಲ. ೨೦೧೨ರ ಸಮಿತಿಯ ಮೂಲಪ್ರಶ್ನೆ ಇನ್ನೂ ಉತ್ತರ ಕಾಣದೆ ನಿಂತಿದೆ.

ನಾಲ್ಕನೆಯದು ಸೀಮೆಯ ಪ್ರಶ್ನೆ. ಸಂಕೇತದಲ್ಲಿ ಕಳುಹಿಸಿದವನ ಊರು ಬರೆದಿರುವುದಿಲ್ಲ. ಸ್ಯಾನ್ ಹೋಸೆಯಲ್ಲಿ ನೆಲಸಿದ ಕನ್ನಡಿಗನೊಬ್ಬನು ತನ್ನ ಬ್ರೌಸರಿನಲ್ಲಿ ಒತ್ತಿದ ಗುಂಡಿ ಅಲ್ಲಿ ಶಾಸನ. ಮೈಸೂರಿನಲ್ಲಿರುವ ಅವನ ತಾಯಿ ಅದೇ ಗುಂಡಿಯನ್ನು ಒತ್ತಿದರೆ, ಅದೇ ಸಾಲು ಅದೇ ತಾಣಕ್ಕೆ ಹೋದರೂ, ಅದು ಇನ್ನೂ ಬಿನ್ನಹ. ಶಾಸನಕ್ಕೆ ಎಲ್ಲೆಕಲ್ಲುಗಳಿರುವುದು ಸಹಜ. ಆದರೆ ನಮ್ಮ ಎಲ್ಲೆಯೊಳಗೆ ಏನಿದೆಯೆಂದು ಕೇಳುವುದು ನಮ್ಮ ಕರ್ತವ್ಯ.

೭

ಖಾಸಗಿತನವು ಮೂಲಭೂತ ಹಕ್ಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ ೨೦೧೭ರ ಆಗಸ್ಟ್ ೨೪ರಂದು ಏಕಮತದಿಂದ ಸಾರಿತು. ಅರ್ಜಿದಾರರಾಗಿದ್ದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಸೆಫೋರಾ ರಾಜಿಯೂ ಬರ್ಲಿನ್ ತೀರ್ಪೂ ಅದೇ ತಿಂಗಳ ಅದೇ ತಾರೀಖಿಗೆ ಬಂದಿರುವುದು ಕಾಕತಾಳೀಯವೇ ಹೊರತು ಬೇರೇನಲ್ಲ. ನೆನಪಿಟ್ಟುಕೊಳ್ಳಲು ವಿದ್ಯಾರ್ಥಿಗಳಿಗೆ ಅನುಕೂಲವಾದೀತು.

ಆ ತೀರ್ಪಿನ ಅನಂತರ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣ ಕಾಯಿದೆ ೨೦೨೩ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು; ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾಗಿ, ಪ್ರಮುಖ ವಿಧಿಗಳು ಹಂತಹಂತವಾಗಿ ಜಾರಿಗೆ ಬರುವಂತೆ ಏರ್ಪಾಡಾಯಿತು. ತತ್ತ್ವದಲ್ಲಿ ನಮ್ಮ ಕಾಯಿದೆ ಅಮೆರಿಕದ ಸಂಸ್ಥಾನಗಳ ಕಾಯಿದೆಗಳಿಗಿಂತ ಒಂದು ಹೆಜ್ಜೆ ಮುಂದಿದೆಯೆಂದೇ ಹೇಳಬೇಕು. ಅಲ್ಲಿ ಮೌನವೆಂದರೆ ಒಪ್ಪಿಗೆ. ಬೇಡವೆನ್ನುವ ಹೊಣೆ ಬಳಕೆದಾರನದು. ಇಲ್ಲಿ, ಕಾಯಿದೆ ಹೆಸರಿಸಿರುವ ಕೆಲವು ನ್ಯಾಯಸಮ್ಮತ ಉಪಯೋಗಗಳನ್ನು ಬಿಟ್ಟರೆ, ಮೊದಲು ಸಮ್ಮತಿ ಬೇಕು. ಆ ಸಮ್ಮತಿ ಸ್ವತಂತ್ರವೂ ನಿರ್ದಿಷ್ಟವೂ ತಿಳಿವಳಿಕೆಯಿಂದ ಕೂಡಿದ್ದೂ ನಿರುಪಾಧಿಕವೂ ನಿಸ್ಸಂದಿಗ್ಧವೂ ಆಗಿರಬೇಕು. ಮಕ್ಕಳ ಜಾಡುಹಿಡಿಯುವುದನ್ನು ಕ್ಲುಪ್ತವಾದ ವಿನಾಯಿತಿಗಳನ್ನುಳಿದು ಕಾಯಿದೆ ನಿಷೇಧಿಸಿದೆ.

ಆದರೆ ತತ್ತ್ವದ ಉನ್ನತಿಯೇ ಆಚರಣೆಯಲ್ಲಿ ಒಂದು ತೊಡಕಾಗುವ ಸಂಭವವುಂಟು. ಪ್ರತಿಯೊಂದು ತಾಣವೂ ಸಮ್ಮತಿ ಕೇಳಿದರೆ ದಿನಕ್ಕೆ ಹತ್ತಾರು ಬಾರಿ ಉತ್ತರಿಸಬೇಕು. ಬೇಸತ್ತ ಮನುಷ್ಯ ಓದದೆಯೇ ಒಪ್ಪಿಬಿಡುತ್ತಾನೆ. ಯುರೋಪಿನಲ್ಲಿ ನಡೆದದ್ದು ಇದೇ. ಅದನ್ನು ಕಂಡೇ ಅಲ್ಲಿಯ ಆಯೋಗ ೨೦೨೫ರ ನವೆಂಬರಿನಲ್ಲಿ, ಯಂತ್ರವೇ ಓದಬಲ್ಲ ಸಂಕೇತಗಳಿಗೆ ನಿಯಮದಲ್ಲಿ ಸ್ಥಾನ ಕೊಡುವ ಪ್ರಸ್ತಾಪವನ್ನು ಮುಂದಿಟ್ಟಿತು. ನಮ್ಮ ಕಾಯಿದೆ ಈ ತೊಡಕಿಗೆ ಬೇರೊಂದು ಪರಿಹಾರವನ್ನು ಕಲ್ಪಿಸಿದೆ. ‘ಸಮ್ಮತಿ ವ್ಯವಸ್ಥಾಪಕ’ನೆಂಬ ಮಧ್ಯಸ್ಥನ ಮೂಲಕ ವ್ಯಕ್ತಿಯು ತನ್ನ ಸಮ್ಮತಿಗಳನ್ನು ಕೊಡಬಹುದು, ನೋಡಬಹುದು, ಹಿಂತೆಗೆದುಕೊಳ್ಳಬಹುದು. ಈ ಮಧ್ಯಸ್ಥನು ಮಂಡಲಿಯಲ್ಲಿ ನೋಂದಾಯಿಸಿಕೊಂಡ ಭಾರತೀಯ ಕಂಪೆನಿಯಾಗಿರಬೇಕು, ಎರಡು ಕೋಟಿ ರೂಪಾಯಿಗಳಿಗೆ ಕಡಮೆಯಿಲ್ಲದ ನಿವ್ವಳ ಆಸ್ತಿಯನ್ನು ಹೊಂದಿರಬೇಕು. ಬ್ರೌಸರಿನ ಸಂಕೇತದ ಪ್ರಸ್ತಾಪ ಕಾಯಿದೆಯಲ್ಲಿಯೂ ಇಲ್ಲ, ನಿಯಮಗಳಲ್ಲಿಯೂ ಇಲ್ಲ.

ಈ ಎರಡು ಮಾರ್ಗಗಳ ನಡುವಣ ಭೇದ ಸಣ್ಣದಲ್ಲ. ವ್ಯವಸ್ಥಾಪಕನ ಮೂಲಕ ಬೇಡವೆನ್ನಬೇಕಾದರೆ ಮೊದಲು ನಾನು ಯಾರೆಂದು ಅವನಿಗೆ ತಿಳಿಸಬೇಕು. ಸಂಕೇತದ ಗುಣವಾದರೋ, ಹೇಳುವವನು ಯಾರೆಂಬುದನ್ನು ತಿಳಿಸದೆಯೇ ಅದು ‘ಬೇಡ’ವೆಂದು ಹೇಳಬಲ್ಲದು. ತನ್ನನ್ನು ಗುರುತಿಸಬೇಡಿ ಎಂದು ಕೇಳುವುದಕ್ಕೆ ಮೊದಲು ಗುರುತು ಹೇಳಿಕೊಳ್ಳಬೇಕಾದರೆ ಆ ಕೇಳಿಕೆಯ ಅರ್ಧ ಅಲ್ಲಿಯೇ ಕಳೆದುಹೋಗುತ್ತದೆ. ಬ್ಯಾಂಕು, ಆಸ್ಪತ್ರೆ, ವಿಮೆ ಇಂಥ ಕಡೆ ಗುರುತು ಹೇಗೂ ತಿಳಿದಿರುವುದರಿಂದ ವ್ಯವಸ್ಥಾಪಕನು ಉಪಕಾರಿಯಾಗಬಹುದು. ಸುಮ್ಮನೆ ಪುಟ ತಿರುವಿಹಾಕುವ ಓದುಗನಿಗೆ ಅವನು ಹೊಂದುವುದಿಲ್ಲ. ಮಾರಾಟಕರೆಗಳನ್ನು ತಡೆಯಲು ೧೯೦೯ ಸಂಖ್ಯೆಗೆ ನೋಂದಾಯಿಸಿಕೊಳ್ಳುವ ಪದ್ಧತಿ ನಮಗೆ ಪರಿಚಿತವಾದದ್ದು. ಅಲ್ಲಿ ದೂರವಾಣಿಯ ಸಂಖ್ಯೆಯೇ ಗುರುತು. ಪಟ್ಟಿ ಮಾಡುವುದು ಸಹಜ. ಗುರುತಿಲ್ಲದೆ ಓದುವ ಸ್ವಾತಂತ್ರ್ಯವನ್ನು ಕಾಯಬೇಕಾದಾಗ ಪಟ್ಟಿಯ ಮಾದರಿ ತಕ್ಕದ್ದಲ್ಲ.

ಕಾಯಿದೆಯನ್ನು ತಿದ್ದುವವರೆಗೂ ಏನೂ ಮಾಡುವಂತಿಲ್ಲವೆ? ನನಗೆ ಹಾಗೆ ತೋರುವುದಿಲ್ಲ. ಸಮ್ಮತಿ ನಿಸ್ಸಂದಿಗ್ಧವಾಗಿರಬೇಕೆಂದು ಕಾಯಿದೆಯೇ ಹೇಳುತ್ತದೆ. ಒಬ್ಬನ ಬ್ರೌಸರು ಪ್ರತಿ ಕೋರಿಕೆಯಲ್ಲಿಯೂ ‘ಬೇಡ’ ಎನ್ನುತ್ತಿರುವಾಗ, ದಾರಿಗಡ್ಡ ಬಂದ ಚೌಕವೊಂದನ್ನು ಅವನು ಅವಸರದಲ್ಲಿ ಒತ್ತಿದ್ದನ್ನು ನಿಸ್ಸಂದಿಗ್ಧ ಸಮ್ಮತಿಯೆನ್ನುವುದು ಹೇಗೆ? ಒಂದೇ ಬಾಯಿಂದ ಎರಡು ಮಾತು ಬಂದಾಗ ಸಂದೇಹದ ಲಾಭ ಯಾರಿಗೆ ಸೇರಬೇಕು? ಬರ್ಲಿನ್ನಿನ ನ್ಯಾಯಾಲಯವು ಹೊಸ ಕಾನೂನನ್ನು ಬೇಡಲಿಲ್ಲ. ಇದ್ದ ಕಾನೂನಿನ ಒಂದು ವಾಕ್ಯವನ್ನು ಗಂಭೀರವಾಗಿ ಓದಿತು. ನಮ್ಮ ದತ್ತಾಂಶ ಸಂರಕ್ಷಣ ಮಂಡಲಿಗೂ ನ್ಯಾಯಾಲಯಗಳಿಗೂ ಆ ಮಾರ್ಗ ತೆರೆದಿದೆಯೆಂದು ನನ್ನ ನಂಬಿಕೆ.

ಮೇಲಿನ ವಿಚಾರದ ಸಾರವಿಷ್ಟು: ಸಂಕೇತದ ಸೋಲು ಉಪಕರಣದ ಸೋಲಾಗಿರಲಿಲ್ಲ, ಅದರ ಗೆಲವೂ ಉಪಕರಣದ ಗೆಲವಲ್ಲ. ಎರಡನ್ನೂ ನಿರ್ಣಯಿಸಿದ್ದು ಎದುರಿನವನಿಗೆ ಆಲಿಸುವ ಕರ್ತವ್ಯವಿತ್ತೆ ಇಲ್ಲವೆ ಎಂಬುದು. ಆ ಕರ್ತವ್ಯವೂ ಈಗ ಮಾರಾಟವನ್ನು ತಡೆಯುವುದರವರೆಗೆ ಮಾತ್ರ ಬಂದಿದೆ, ಸಂಗ್ರಹದವರೆಗೆ ಬಂದಿಲ್ಲ. ನಮ್ಮಲ್ಲಿ ಸಮ್ಮತಿಯ ತತ್ತ್ವವಿದೆ, ನಿರಾಕರಣೆಯ ಸುಲಭಸಾಧನವಿಲ್ಲ. ಕಾಲೇಜುಗಳ ಪ್ರವೇಶಪತ್ರ, ಪುಸ್ತಕಭಂಡಾರ, ಪರೀಕ್ಷೆಯ ಫಲಿತಾಂಶ ಎಲ್ಲವೂ ಜಾಲತಾಣಗಳಿಗೆ ಸಾಗಿರುವ ಈ ದಿನಗಳಲ್ಲಿ, ನಮ್ಮ ಸಂಸ್ಥೆಗಳ ತಾಣಗಳು ವಿದ್ಯಾರ್ಥಿಯ ‘ಬೇಡ’ವನ್ನು ಕೇಳಿಸಿಕೊಳ್ಳುತ್ತಿವೆಯೇ ಎಂದು ನೋಡುವುದರಿಂದ ಅಧ್ಯಾಪಕರಾದ ನಾವು ಪ್ರಾರಂಭಿಸಬಹುದು. ಅದಕ್ಕೆ ಯಾವ ಶಾಸನವನ್ನೂ ಕಾಯಬೇಕಾಗಿಲ್ಲ.